ಮೂವತ್ತಾರು ನಿಮಿಷದ ಲೆಕ್ಕ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಬರುವಾಗ ಕಿಟಕಿ ಪಕ್ಕ ಕುಳಿತು ನೋಡಿ. ಸಕಲೇಶಪುರದ ಕಾಫಿ ತೋಟಗಳು ಮುಗಿದು ಘಟ್ಟದ ಕಾಡು ಶುರುವಾಗುವ ಹೊತ್ತಿಗೆ ಎಂಜಿನ್ನಿನ ಸದ್ದು ತಗ್ಗುತ್ತದೆ, ಕಿವಿ ಗುಂಯ್‌ಗುಡುತ್ತದೆ. ಬಸ್ಸುಗಳು ಶಿರಾಡಿ ಘಾಟಿ ಇಳಿಯತೊಡಗುವಲ್ಲೇ ವಿಮಾನವೂ ಇಳಿಯತೊಡಗಿರುತ್ತದೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆ ಆಗಿನ್ನೂ ಸುಮಾರು ನೂರು ಕಿ.ಮೀ. ದೂರ!

ಅಷ್ಟು ಮೊದಲೇ ಏಕೆ ಇಳಿಯಬೇಕು? ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಕೆಳಗೆ ಬರುತ್ತದೆ. ಒಂದು ಕಿ.ಮೀ. ಎತ್ತರ ಕಳೆದುಕೊಳ್ಳಲು ಸುಮಾರು 19 ಕಿ.ಮೀ. ಮುಂದೆ ಸಾಗಬೇಕು. ಐದು ಕಿ.ಮೀ. ಎತ್ತರದಿಂದ ಇಳಿಯಲು ಹೆಚ್ಚುಕಡಿಮೆ ನೂರು ಕಿ.ಮೀ. ಬೇಕೇ ಬೇಕು.

ಭೂಗೋಳದ ಮೇಲೆ ದಾರ ಎಳೆದು ಹಿಡಿದಂತೆ ಅಳೆದರೆ ಎರಡು ನಿಲ್ದಾಣಗಳ ನಡುವೆ ಸುಮಾರು 306 ಕಿ.ಮೀ. ಈ ಮಾರ್ಗದಲ್ಲಿ ಹಾರುವ ಎಟಿಆರ್-72 ಪ್ರೊಪೆಲ್ಲರ್ ವಿಮಾನದ ವೇಗ ಗಂಟೆಗೆ ಸುಮಾರು 510 ಕಿ.ಮೀ. ಭಾಗಿಸಿದರೆ 36 ನಿಮಿಷ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಗೂ ಹೆಚ್ಚು ಹೊತ್ತು ಬರೆದಿರುತ್ತಾರೆ. ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ ಮತ್ತೆ ನಿಲ್ಲುವವರೆಗಿನ ಸಮಯವದು. ರನ್‌ವೇಗೆ ಸಾಗುವುದು, ಸರದಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿದೆ.

ಗಾಳಿಗೂ ಇಲ್ಲಿ ಪಾಲಿದೆ. ಗಂಟೆಗೆ 50 ಕಿ.ಮೀ. ಗಾಳಿ ಹಿಂದಿನಿಂದ ದೂಡಿದರೆ 36 ನಿಮಿಷ 33 ಆಗುತ್ತದೆ. ಎದುರಿನಿಂದ ಬಂದರೆ 40. ಇಳಿಯುವಾಗ ಮಾತ್ರ ಎದುರುಗಾಳಿಯೇ ಬೇಕು. ಪಡುವಣ ಗಾಳಿ ಇದ್ದರೆ ವಿಮಾನ ಘಟ್ಟದ ಕಡೆಯಿಂದ ನೇರವಾಗಿ ಬಂದು ಇಳಿಯಬಹುದು. ಗಾಳಿ ಮೂಡಣದಿಂದ ಬೀಸಿದರೆ ಕಡಲಿನತ್ತ ಹೋಗಿ ತಿರುಗಿ ಬರಬೇಕು.

ದೂರ ಕಡಿಮೆಯಾದಷ್ಟೂ ವೇಗದ ಬೆಲೆಯೂ ಕಡಿಮೆ. 2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗ ನಿಲ್ದಾಣಕ್ಕೆ ಬಜ್ಪೆಯಿಂದ ಗೆರೆ ಎಳೆಯಿರಿ. ಕಾರ್ಕಳದ ಮೂಡು ಬದಿಯಿಂದ ಘಟ್ಟ ಹತ್ತಿ, ಶೃಂಗೇರಿಯ ನೆತ್ತಿಯ ಮೇಲೆ ಹಾಯುವ ಆ ಗೆರೆಯ ಉದ್ದ ಸುಮಾರು 126 ಕಿ.ಮೀ. ಲೆಕ್ಕಕ್ಕೆ ಕಾಲು ಗಂಟೆ. ಆದರೆ ಅಲ್ಲಿ ವಿಮಾನ ಪೂರ್ತಿ ಎತ್ತರ ಮುಟ್ಟುವ ಮೊದಲೇ ಇಳಿಯಬೇಕಾಗುತ್ತದೆ. ಗಂಟೆಗೆ 830 ಕಿ.ಮೀ. ಸಾಗಬಲ್ಲ ಜೆಟ್ ಕೂಡ ಬೆಂಗಳೂರಿನ ದಾರಿಯಲ್ಲಿ, ಬರೀ ಭಾಗಾಕಾರದ ಪ್ರಕಾರ, ಉಳಿಸುವುದು 14 ನಿಮಿಷ.

ಇನ್ನು ನೆಲದ ಲೆಕ್ಕ. ಉಡುಪಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಮಣಿಪಾಲದಿಂದ ಕಾಪು, ಪಡುಬಿದ್ರಿ, ಮೂಲ್ಕಿ ದಾಟಿ ಬಜ್ಪೆಗೆ ಸುಮಾರು 60 ಕಿ.ಮೀ.; ಕಾರ್ಕಳದವರು ಮೂಡುಬಿದಿರೆಯ ಮೂಲಕ ಹೋಗುತ್ತಾರೆ. ದಾರಿಗೆ ಒಂದೂವರೆ ಗಂಟೆ, ನಿಲ್ದಾಣದಲ್ಲಿ ಒಂದೂವರೆ ಗಂಟೆ, ಬೆಂಗಳೂರಿನಲ್ಲಿ ಇಳಿದ ಮೇಲೆ ಊರೊಳಗೆ ಮತ್ತೊಂದೂವರೆ ಗಂಟೆ. ಆಕಾಶದ 36 ನಿಮಿಷಕ್ಕೆ ನೆಲದ ಮೇಲೆ ನಾಲ್ಕೂವರೆ ಗಂಟೆ!

ಆದ್ದರಿಂದ ಪ್ರಯಾಣದ ಸಮಯವನ್ನು ಮನೆಯ ಹೊಸಿಲಿನಿಂದ ಹೊಸಿಲಿಗೆ ಅಳೆಯಿರಿ. ನಮ್ಮ ಕರಾವಳಿಗೆ ಈಗ ಬೇಕಾದದ್ದು ಇನ್ನೂ ವೇಗದ ವಿಮಾನವಲ್ಲ. ಉಡುಪಿ, ಕಾರ್ಕಳದಿಂದ ವಿಮಾನದ ಹೊತ್ತಿಗೆ ಸರಿಯಾಗಿ ಬಜ್ಪೆ ಮುಟ್ಟಿಸುವ ನೇರ ಬಸ್ಸು. ಅದು ಅರ್ಧ ಗಂಟೆ ಉಳಿಸಿದರೂ ಜೆಟ್ಟಿಗಿಂತ ಎರಡು ಪಟ್ಟು ಉಪಕಾರ ಮಾಡಿದಂತೆ.