ಬುಧವಾರದ ಮೇಷ್ಟ್ರು

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರದ ಸಂಜೆಗೆ ಅದರದೇ ಒಂದು ಕಳೆಯಿದೆ. ಅವತ್ತು ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸ. ಟಿಕೆಟ್ಟಿಲ್ಲ, ಹಾಜರಿಯಿಲ್ಲ, ಕೊನೆಗೆ ಪರೀಕ್ಷೆಯೂ ಇಲ್ಲ. ವಿಜ್ಞಾನದ ಯಾವುದೋ ಒಂದು ವಿಷಯವನ್ನು ಅದರಲ್ಲೇ ಆಯುಷ್ಯ ಸವೆಸಿದವರು ಬಂದು ಹೇಳುತ್ತಾರೆ. ಕೇಳಬೇಕೆನ್ನಿಸಿದವರು ಬಂದು ಕೂರುತ್ತಾರೆ. 1962ರಲ್ಲಿ ಶುರುವಾದ ಈ ಪರಿಪಾಠ ಅರವತ್ತು ವರ್ಷ ದಾಟಿದೆ. ಜುಲೈ ತಿಂಗಳಲ್ಲಂತೂ ವಿಜ್ಞಾನದ ಹಬ್ಬವೇ ನಡೆಯುತ್ತದೆ.

ಈ ಫೋರಂ ಬಗ್ಗೆ ಬರೆಯಬೇಕೆನ್ನಿಸಿದ್ದೇ ಅದನ್ನು ಕಟ್ಟಿದ ಡಾ. ಎಚ್. ನರಸಿಂಹಯ್ಯನವರ ದೆಸೆಯಿಂದ. ಬೆಂಗಳೂರಿಗೆ ಅವರು ಎಚ್ಚೆನ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದವರು. ಗೌರಿಬಿದನೂರಿನಲ್ಲಿ ಅವರಿಗೆ ಪಾಠ ಹೇಳಿದ ಎಂ.ಎಸ್. ನಾರಾಯಣರಾಯರು ಮುಂದೆ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದರು. ಹುಡುಗನಿಗೂ ಅಲ್ಲೇ ಓದುವ ಆಸೆ. ಬಸ್ಸಿಗಾಗಲಿ ರೈಲಿಗಾಗಲಿ ಕೈಯಲ್ಲಿ ಕಾಸಿರಲಿಲ್ಲ. ಎಂಬತ್ತು ಕಿಲೋಮೀಟರಿಗೂ ಮಿಕ್ಕಿದ ಆ ಹಾದಿಯನ್ನು ಎರಡು ದಿನ ನಡೆದೇ ಅವರು ಬೆಂಗಳೂರು ಸೇರಿದರು. ಅಷ್ಟು ದೂರ ನಡೆಸಿದ್ದು ತನ್ನ ಮೇಷ್ಟ್ರು ಅಲ್ಲಿದ್ದಾರೆ ಎಂಬ ಒಂದೇ ಧೈರ್ಯ.

ಮರುವರ್ಷ, 1936ರಲ್ಲಿ, ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳಿದ್ದು ಇದೇ ಹುಡುಗ. ಖಾದಿ ಅಲ್ಲಿಂದ ಜೊತೆಯಾಯಿತು. 1942ರಲ್ಲಿ ಸೆಂಟ್ರಲ್ ಕಾಲೇಜಿನ ಓದು ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಕಂಡರು. ಹೊರಬಂದು ಎಂ.ಎಸ್ಸಿ. ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೇಲೂ ಮರಳಿದ್ದು ಅದೇ ಕಾಲೇಜಿಗೆ, ಅದರ ಹಾಸ್ಟೆಲ್ಲಿಗೆ.

ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಅದನ್ನು ಬಿಡಲಿಲ್ಲ. ಓದುವ ಹುಡುಗರ ನಡುವೆಯೇ ಇದ್ದು, ಅವರ ಜೊತೆಯಲ್ಲೇ ಉಂಡ ಮೇಷ್ಟ್ರು ತಾವೂ ಕಡೆಯವರೆಗೆ ವಿದ್ಯಾರ್ಥಿಯಾಗಿಯೇ ಉಳಿದರು. ಕಲಿಕೆಯ ಗೀಳು ಇನ್ನೊಬ್ಬರಿಗೆ ಹತ್ತುವುದು ಹೀಗೆಯೇ ಎಂದು ನಾನು ನಂಬಿದ್ದೇನೆ.

ಅವರು ಮಕ್ಕಳಿಗೆ ಹೇಳುತ್ತಿದ್ದ ಮಾತಿನ ಸಾರ ಇಷ್ಟೇ: ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ. ಏನು, ಏಕೆ, ಹೇಗೆ ಎಂದು ಕೇಳಿ. 1976ರಲ್ಲಿ ಕುಲಪತಿಯಾಗಿದ್ದಾಗ ಪವಾಡ ಮತ್ತು ಮೂಢನಂಬಿಕೆಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿ ದೊಡ್ಡವರ ವಿರೋಧ ಕಟ್ಟಿಕೊಂಡರೂ ಹಿಂಜರಿಯಲಿಲ್ಲ. ಅವರ ಪ್ರಯತ್ನದಿಂದ ಬಾಗೇಪಲ್ಲಿ, ಗೌರಿಬಿದನೂರಿನಂಥ ಊರುಗಳಿಗೂ ಕಾಲೇಜು ಬಂತು. ತಮ್ಮಂತೆ ಇನ್ನೊಂದು ಮಗು ಓದಿಗಾಗಿ ಅಷ್ಟು ದೂರ ನಡೆಯಬೇಕಾಗದಿರಲಿ ಎಂಬ ಆಸೆ ಅದರ ಹಿಂದೆ ಇದ್ದಿರಬೇಕು.

ಫೋರಂನ ಜೀವ ಇರುವುದು ಉಪನ್ಯಾಸ ಮುಗಿದ ಮೇಲಿನ ಪ್ರಶ್ನೋತ್ತರದಲ್ಲಿ. ನಿವೃತ್ತರೊಬ್ಬರು ನೋಟ್‌ಬುಕ್ ತಿರುವಿಹಾಕಿ, ತಾವು ಗುರುತು ಹಾಕಿಕೊಂಡ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ. ಹಿಂದಿನ ಸಾಲಿನ ಹುಡುಗಿ ಎದ್ದು ನಿಲ್ಲಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ತೀರಾ ಸಣ್ಣದೆಂದು ತಾನೇ ಭಾವಿಸಿದ ಪ್ರಶ್ನೆಯನ್ನು ಕೇಳಿಬಿಡುತ್ತಾಳೆ. ವಿಜ್ಞಾನಿ ಕ್ಷಣ ಯೋಚಿಸಿ, ಅದಕ್ಕಿನ್ನೂ ಉತ್ತರ ಸಿಕ್ಕಿಲ್ಲ ಎನ್ನುವುದುಂಟು. ಗೊತ್ತಿಲ್ಲ ಎನ್ನುವುದು ಅವಮಾನವಲ್ಲ, ಅಲ್ಲಿಂದಲೇ ಹುಡುಕಾಟ ಶುರು ಎಂಬುದನ್ನು ಆ ಹುಡುಗಿಗೆ ಯಾವ ಪಠ್ಯಪುಸ್ತಕ ಇಷ್ಟು ಚೆನ್ನಾಗಿ ಕಲಿಸೀತು?

ಎಚ್ಚೆನ್ 2005ರ ಜನವರಿ 31ರಂದು ತೀರಿಕೊಂಡರು. ಬುಧವಾರ ನಿಲ್ಲಲಿಲ್ಲ. ಕಾಲೇಜಿನ ಹೆಸರಿನದೇ ಮೆಟ್ರೊ ನಿಲ್ದಾಣ ಹತ್ತಿರಕ್ಕೆ ಬಂದಿದೆ; ನಡೆದು ಬರುವ ಕಷ್ಟ ಯಾರಿಗೂ ಇಲ್ಲ. ಆದರೆ ಸಂಜೆಯ ಹೊತ್ತು ನಮ್ಮ ಮಕ್ಕಳು ಕೋಚಿಂಗ್ ಕ್ಲಾಸಿನಲ್ಲಿರುತ್ತಾರೆ. ಅಂಕಕ್ಕೆ ಬಾರದ ಪಾಠಕ್ಕೆ ಬಿಡುವು ಕೊಡಲು ದೊಡ್ಡವರಾದ ನಮಗೇ ಮನಸ್ಸಿಲ್ಲ. ಉಪನ್ಯಾಸಗಳು ಈಗ ಮೊಬೈಲಿನಲ್ಲೂ ಸಿಗುತ್ತವೆ, ನಿಜ. ಪಕ್ಕದಲ್ಲಿ ಕೂತವರ ಕುತೂಹಲ ನಮಗೂ ಅಂಟಿಕೊಳ್ಳಬೇಕಾದರೆ ಮಾತ್ರ ಪಕ್ಕದಲ್ಲೇ ಕೂರಬೇಕು. ಇಷ್ಟಕ್ಕೆಲ್ಲ ಮೂಲ, ಹಳ್ಳಿಯ ಹುಡುಗನೊಬ್ಬನಲ್ಲಿ ಓದಿನ ಆಸೆ ಹುಟ್ಟಿಸಿದ ಒಬ್ಬ ಮೇಷ್ಟ್ರು. ಮನೆಯ ಮಗುವೊಂದನ್ನು ಒಂದು ಬುಧವಾರ ಕರೆದುಕೊಂಡು ಹೋಗುವಷ್ಟು ಮೇಷ್ಟ್ರುತನ ನಮ್ಮಲ್ಲೂ ಉಳಿದಿರಲಿ.