ಕೆರೆ, ಕಾಲುವೆ ಮತ್ತು ಯಾಜಕನ ಸಾವಧಾನ

ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭು ಯೇಸು ಚಿಂತೆಯನ್ನು ಕುರಿತು ಬೋಧಿಸುತ್ತಾರೆ. ದಾನ, ಪ್ರಾರ್ಥನೆ, ಉಪವಾಸಗಳ ಬೋಧನೆ ಅದೇ ಅಧ್ಯಾಯದಲ್ಲಿ ಅದಕ್ಕೆ ಮೊದಲೇ ಮುಗಿದಿರುತ್ತದೆ. ಚಿಂತಾಕ್ರಾಂತರಿಗೆ ಅವರು ಒಪ್ಪಿಸುವ ಕೆಲಸ ಬೇರೆ: ಪಕ್ಷಿಗಳನ್ನು ನೋಡುವುದು. 26ನೆಯ ವಚನದ ಗ್ರೀಕ್ ಕ್ರಿಯಾಪದ ‘ಎಂಬ್ಲೆಪೋ’. ಯಾವುದೋ ಕಣ್ಣಿಗೆ ಬಿತ್ತು ಎಂಬ ಅರ್ಥದ ನೋಟವಲ್ಲ ಇದು, ದೃಷ್ಟಿಯನ್ನು ನೆಟ್ಟು ನೋಡುವ ನೋಟ. ಇದೇ ಕ್ರಿಯಾಪದವನ್ನು ಮಾರ್ಕನು ತನ್ನ ಹತ್ತನೆಯ ಅಧ್ಯಾಯದ 21ನೆಯ ವಚನದಲ್ಲಿ ಬಳಸುತ್ತಾನೆ. ನಿತ್ಯಜೀವವನ್ನು ಅರಸಿ ಬಂದ ಧನಿಕನನ್ನು ಯೇಸು ದಿಟ್ಟಿಸಿ ನೋಡಿದರು, ಪ್ರೀತಿಸಿದರು. ಪಕ್ಷಿಯನ್ನು ನೋಡುವ ಕಣ್ಣು, ಮನುಷ್ಯನನ್ನು ನೋಡುವ ಕಣ್ಣು ಎಂದು ಎರಡಿಲ್ಲ. ಕಷ್ಟಕಾಲದಲ್ಲಿ ಯಾಜಕನು ತನ್ನನ್ನು ತಾನು ಪಾಲಿಸಿಕೊಳ್ಳುವುದು ಏಕೆ ಎಂಬ ಪ್ರಶ್ನೆಗೆ ಉತ್ತರವನ್ನು ನಾವು ಇಲ್ಲಿಂದಲೇ ಹುಡುಕಬಯಸುತ್ತೇವೆ.

ಇಂದು ‘ಮೈಂಡ್‌ಫುಲ್‌ನೆಸ್’ ಎಂಬ ಪದ ಗುರುಮಠಗಳ ಊಟದ ಮನೆಯಲ್ಲಿಯೂ ಕೇಳಿಬರುತ್ತಿದೆ. ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗಾಗಿ ಆರಂಭಿಸಿದ ಅಭ್ಯಾಸಕ್ರಮದಿಂದ ಅದು ಲೋಕಪ್ರಸಿದ್ಧವಾಯಿತು. ಅದರ ಬೇರು ಬೌದ್ಧರ ‘ಸತಿ’ ಎಂಬ ಪರಿಕಲ್ಪನೆಯಲ್ಲಿದೆ. ಭೀಮಾತೀರದ ಸನ್ನತಿ–ಕನಗನಹಳ್ಳಿಗಳಲ್ಲಿ ಬೌದ್ಧ ಸ್ತೂಪದ ಅವಶೇಷಗಳನ್ನು ಕಂಡವರಿಗೆ ಇದು ಹೊರಗಿನಿಂದ ಬಂದ ಸರಕೆಂದು ಅನಿಸಲಾರದು. ಕನ್ನಡದಲ್ಲಿ ಅದಕ್ಕೆ ಒಪ್ಪುವ ಮಾತು ನಮ್ಮ ಬಳಿಯೇ ಇದೆ: ಸಾವಧಾನ. ಅವಧಾನದಿಂದ ಕೂಡಿದ್ದು ಎಂಬುದು ಅದರ ಮೂಲಾರ್ಥ. ಅವಸರವಿಲ್ಲದ್ದು ಎಂಬುದು ಬಳಕೆಯ ಅರ್ಥ. ಎರಡೂ ನಮಗೆ ಬೇಕಾದವು.

ಕೆಲವು ಸಹೋದರ ಯಾಜಕರು ಈ ಅಭ್ಯಾಸವನ್ನು ಸಂಶಯದಿಂದ ಕಾಣುತ್ತಾರೆ. ಸಂಶಯಕ್ಕೆ ಅರ್ಧ ಕಾರಣವುಂಟು. ಕ್ರೈಸ್ತ ಧ್ಯಾನವನ್ನು ಕುರಿತು ವಿಶ್ವಾಸಬೋಧನಾ ಸಂಸ್ಥೆಯು 1989ರಲ್ಲಿ ಹೊರಡಿಸಿದ ಪತ್ರವು, ದೇಹ ಮನಸ್ಸುಗಳ ಶಾಂತಿಯನ್ನು ಪವಿತ್ರಾತ್ಮರ ಸಾಂತ್ವನವೆಂದು ಭ್ರಮಿಸಬಾರದೆಂದು ಎಚ್ಚರಿಸುತ್ತದೆ. ಆದರೆ ಅನ್ಯ ಪರಂಪರೆಗಳಲ್ಲಿ ಹಿತವಾದುದನ್ನು ಸ್ವೀಕರಿಸಲು ಅದೇ ಪತ್ರ ಅವಕಾಶ ಕೊಡುತ್ತದೆ. ಉಸಿರನ್ನು ಗಮನಿಸುವುದೇ ಪ್ರಾರ್ಥನೆಯಲ್ಲ. ಪ್ರಾರ್ಥನೆಗೆ ಕುಳಿತವನು ನಿಜವಾಗಿಯೂ ಅಲ್ಲಿ ಇರುವಂತಾಗಲು ಅದು ನೆರವಾದರೆ ಸಾಕು. ಇನ್ನು ಗಮನದ ವಿಷಯದಲ್ಲಿ ನಾವು ಬೇರೆಯವರಿಂದ ಸಾಲ ತರಬೇಕಾದವರೇನೂ ಅಲ್ಲ. ಸಂತ ಬೆಸಿಲರು ತಮ್ಮ ಒಂದು ಪ್ರಬೋಧನೆಯನ್ನು ಪೂರ್ತಿಯಾಗಿ ‘ನಿನ್ನನ್ನು ಗಮನಿಸಿಕೋ’ ಎಂಬ ಧರ್ಮೋಪದೇಶಕಾಂಡದ ಆಜ್ಞೆಗೆ ಮೀಸಲಿಟ್ಟರು. ಮಿಲೇತದಲ್ಲಿ ಎಫೆಸದ ಹಿರಿಯರನ್ನು ಬೀಳ್ಕೊಡುವಾಗ ಪೌಲನು ಅವರಿಗೆ ಎರಡು ಹೊಣೆಗಳನ್ನು ಒಪ್ಪಿಸುತ್ತಾನೆ (ಪ್ರೇಷಿತರ ಕಾರ್ಯಕಲಾಪಗಳು 20:28). ಅಲ್ಲಿ ಕುರಿಮಂದೆಯ ಉಲ್ಲೇಖ ಎರಡನೆಯದು. ಮೊದಲು ಬರುವುದು ಹಿರಿಯರು ತಮ್ಮ ಬಗ್ಗೆ ವಹಿಸಬೇಕಾದ ಎಚ್ಚರ.

ಈ ಕ್ರಮ ನಮಗೆ ಅರ್ಥವಾದದ್ದು ಪುಸ್ತಕದಿಂದಲ್ಲ. 2021ರ ಬೇಸಿಗೆಯಲ್ಲಿ, ಕೋವಿಡ್‌ನ ಎರಡನೆಯ ಅಲೆಯ ದಿನಗಳಲ್ಲಿ, ನಾವು ಯಾದಗಿರಿ ಜಿಲ್ಲೆಯಲ್ಲಿ ಪಾಲನಾ ಸೇವೆಯಲ್ಲಿದ್ದೆವು. 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗಾ ಧರ್ಮಕ್ಷೇತ್ರದ ಈ ಭಾಗದಲ್ಲಿ ವಿಶ್ವಾಸಿಗಳ ಸಂಖ್ಯೆ ಸಣ್ಣದು, ಊರುಗಳ ನಡುವಿನ ದೂರ ದೊಡ್ಡದು. ಗುಳೆ ಹೋದವರು ಮರಳಿ ಬರುತ್ತಿದ್ದರು. ಕೆಲವರ ಸುದ್ದಿ ಮಾತ್ರ ಬರುತ್ತಿತ್ತು. ದುಡಿಯಲು ಬೆಂಗಳೂರಿಗೆ ಹೋಗಿದ್ದ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಮನೆಗೆ ಒಂದು ಸಂಜೆ ಹೋದೆವು. ಅದು ಆ ದಿನದ ನಾಲ್ಕನೆಯ ಮನೆ. ಪುನರುತ್ಥಾನದ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳಿದೆವು. ದೈವಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ ಆ ತಾಯಿ, “ಫಾದರ್, ನೀವು ಮಾತಾಡಾಕತ್ತೀರಿ ಖರೆ, ಆದ್ರ ನನ್ನ ಮಾರಿ ನೋಡ್ಲೇ ಇಲ್ರಿ” ಎಂದರು. ನಾವು ಸೇವೆಯನ್ನು ನಿಲ್ಲಿಸಿರಲಿಲ್ಲ, ನೋಡುವುದನ್ನು ನಿಲ್ಲಿಸಿದ್ದೆವು.

ಆ ಸೀಮೆಯಲ್ಲಿಯೇ, ಸುರಪುರ ತಾಲ್ಲೂಕಿನ ಬೋನಾಳದಲ್ಲಿ, ಸುರಪುರದ ನಾಯಕ ಅರಸರ ಕಾಲದ ದೊಡ್ಡ ಕೆರೆಯೊಂದಿದೆ. ಅದು ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಅದೇ ತಾಲ್ಲೂಕಿನಲ್ಲಿ ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯೂ ಹರಿಯುತ್ತದೆ. ರೈತರಿಗೆ ಎರಡೂ ಬೇಕು. ಆದರೆ ಕಾಲುವೆಯ ಸ್ವಭಾವವನ್ನು ವಾರಬಂದಿಯ ದಿನಗಳಲ್ಲಿ ನೋಡಬೇಕು. ಗೇಟು ಮುಚ್ಚಿದ ಕೆಲವೇ ದಿನಗಳಲ್ಲಿ ತಳ ಕಾಣುತ್ತದೆ. ಬಂದದ್ದನ್ನು ಬಂದ ಹಾಗೆ ಕೊಟ್ಟು ತನಗೆಂದು ಏನನ್ನೂ ಉಳಿಸಿಕೊಳ್ಳದ ಔದಾರ್ಯ ಅದರದು. ಹಕ್ಕಿಗಳು ಇಳಿಯುವುದು ಕೆರೆಗೆ.

ಕ್ಲೇರ್ವೋದ ಸಂತ ಬರ್ನಾರ್ಡರು ಹನ್ನೆರಡನೆಯ ಶತಮಾನದಲ್ಲಿ ಪರಮಗೀತೆಯನ್ನು ಕುರಿತ ಹದಿನೆಂಟನೆಯ ಪ್ರಬೋಧನೆಯಲ್ಲಿ ಬಳಸಿದ ಉಪಮೆ ಇದೇ. ವಿವೇಕಿಯು ಕಾಲುವೆಯಂತಲ್ಲದೆ ಜಲಾಶಯದಂತಿರಬೇಕು, ಮೊದಲು ತುಂಬಿಕೊಂಡು ತುಂಬಿ ಹೊರಸೂಸಿದ್ದನ್ನು ಕೊಡಬೇಕು ಎಂಬುದು ಅವರ ಆಶಯ. ಧರ್ಮಸಭೆಯಲ್ಲಿ ಕಾಲುವೆಗಳು ಹೆಚ್ಚು, ಜಲಾಶಯಗಳು ಕಡಿಮೆ ಎಂದು ಅವರು ಆಗಲೇ ಮರುಗಿದ್ದರು. ತಮ್ಮ ಶಿಷ್ಯರೇ ಆಗಿದ್ದ ಮೂರನೆಯ ಯೂಜೀನ್ ಜಗದ್ಗುರುಗಳಿಗೆ ಬರೆದ ಗ್ರಂಥದಲ್ಲಿ, ಎಲ್ಲರಿಗೂ ಸೇರಿದವರಾದ ತಾವು ಆ ‘ಎಲ್ಲರ’ ಪೈಕಿ ತಮ್ಮನ್ನೂ ಒಬ್ಬರೆಂದು ಎಣಿಸಿಕೊಳ್ಳಬೇಕೆಂದು ಕೇಳಿಕೊಂಡರು. ಇದು ಸ್ವಾರ್ಥದ ಬೋಧನೆಯೆಂದು ಭಾವಿಸುವವರು ಕೆರೆಯನ್ನು ಕಟ್ಟಿದ್ದು ಕೆರೆಗಾಗಿ ಅಲ್ಲವೆಂಬುದನ್ನು ಮರೆತಿರುತ್ತಾರೆ.

ತುಂಬಿಕೊಳ್ಳುವುದೆಂದರೆ ಬರಿಯ ಪ್ರಾರ್ಥನೆಯೂ ಅಲ್ಲ. ಅರಸುಗಳು ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಸಾವನ್ನು ಬೇಡಿ ಗಿಡದಡಿ ಮಲಗಿದ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಗೊಟ್ಟನು, ಎಬ್ಬಿಸಿ ಮತ್ತೊಮ್ಮೆ ಉಣಿಸಿದನು. ಹೋರೇಬಿನ ಮೆಲುದನಿ ಕೇಳಿಸಿದ್ದು ಇದಾದ ಬಳಿಕ. ಊಟವನ್ನು ನಿಂತುಕೊಂಡೇ ಮುಗಿಸುವುದನ್ನು ತಪಸ್ಸೆಂದು ತಿಳಿಯುವ ಯುವ ಯಾಜಕರು ಈ ಕ್ರಮವನ್ನು ಗಮನಿಸಬೇಕು.

ಇಲ್ಲಿ ಒಂದು ವಿವೇಚನೆ ಅಗತ್ಯ. ಮರುಭೂಮಿಯ ಪಿತೃಗಳಾದ ಎವಾಗ್ರಿಯಸ್, ಕಾಸಿಯನ್ ವಿವರಿಸಿದ ‘ಅಸೀಡಿಯಾ’ ಎಂಬ ನಡುಹಗಲ ಬೇಸರಕ್ಕೆ ಮದ್ದು ಸ್ಥಿರತೆ: ಕೋಣೆಯನ್ನು ಬಿಡದಿರುವುದು, ಕೈಗೆ ಕೆಲಸ ಕೊಡುವುದು, ಕೀರ್ತನೆಯನ್ನು ಮುಂದುವರಿಸುವುದು. ಆದರೆ ಖಿನ್ನತೆ ಅಸೀಡಿಯಾ ಅಲ್ಲ, ಅದು ಕಾಯಿಲೆ. ವಾರಗಟ್ಟಲೆ ನಿದ್ರೆಯಿಲ್ಲದೆ, ಯಾವುದರಲ್ಲಿಯೂ ರುಚಿಯಿಲ್ಲದೆ, ಬದುಕೇ ಬೇಡವೆನಿಸುವ ಸಹೋದರನಿಗೆ ಇನ್ನೊಂದು ಧ್ಯಾನಕೂಟವನ್ನು ಸೂಚಿಸುವುದು ಜ್ವರಕ್ಕೆ ಉಪವಾಸವನ್ನು ಸೂಚಿಸಿದಂತೆ. ಆತನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾರೂ ಉಚಿತವಾಗಿ ಕರೆಮಾಡಬಹುದು. ಯಾಜಕರೂ ಆ ‘ಯಾರೂ’ ಎಂಬುದರೊಳಗೆ ಸೇರಿದವರೇ.

ಉಳಿದಂತೆ ಅಭ್ಯಾಸಗಳು ಸರಳವಾದವು. ದೈನಿಕ ಪ್ರಾರ್ಥನಾವಿಧಿಯ ಮೊದಲ ಕೀರ್ತನೆಗೆ ಮುನ್ನ ಐದು ಉಸಿರುಗಳಷ್ಟು ಮೌನ. ಮನೆಯೊಂದರ ಬಾಗಿಲು ತಟ್ಟುವ ಮೊದಲು ಹಿಂದಿನ ಮನೆಯವರನ್ನು ಪ್ರಭುವಿಗೆ ಒಪ್ಪಿಸಿ ಒಂದು ಕ್ಷಣ ನಿಲ್ಲುವುದು. ರಾತ್ರಿಯ ಆತ್ಮಾವಲೋಕನದಲ್ಲಿ, ಸಂತ ಇಗ್ನೇಷಿಯಸರು ಕಲಿಸಿದಂತೆ, ಪಾಪಗಳ ಎಣಿಕೆಗೆ ಮೊದಲು ಕೃತಜ್ಞತೆ. ಧರ್ಮಸಭೆಯ ಕಾನೂನಿನ 533ನೆಯ ವಿಧಿ ಧರ್ಮಕೇಂದ್ರದ ಗುರುಗಳಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆಯನ್ನು ಅನುಮತಿಸುತ್ತದೆ, ಧ್ಯಾನಕೂಟದ ದಿನಗಳನ್ನು ಅದರಲ್ಲಿ ಎಣಿಸುವುದಿಲ್ಲ. ಅದನ್ನು ತೆಗೆದುಕೊಳ್ಳದಿರುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರಲ್ಲಿ ನಾವೂ ಒಬ್ಬರಾಗಿದ್ದೆವು.

ಆ ವರ್ಷದ ಡಿಸೆಂಬರಿನಲ್ಲಿ ಬೋನಾಳದ ಏರಿಯ ಮೇಲೆ, ಫೋನನ್ನು ಕೋಣೆಯಲ್ಲಿಯೇ ಬಿಟ್ಟು, ಒಂದು ಮುಂಜಾನೆ ಕುಳಿತೆವು. ಮೊದಲ ಅರ್ಧ ಗಂಟೆ ಕಣ್ಣು ನೀರಿನ ಮೇಲಿದ್ದರೂ ಮನಸ್ಸು ಲೆಕ್ಕಪುಸ್ತಕದ ಮೇಲಿತ್ತು. ಬಳಿಕ ಒಂದು ಹೆಬ್ಬಾತು ಕತ್ತನ್ನು ಹಿಂದಕ್ಕೆ ತಿರುಗಿಸಿ ಗರಿಗಳನ್ನು ಒಂದೊಂದಾಗಿ ತೀಡಿಕೊಳ್ಳುವುದು ಕಂಡಿತು. ಅದು ಮುಗಿಯುವವರೆಗೂ ನೋಡಿದೆವು. ಮರುವಾರ ಆ ತಾಯಿಯ ಮನೆಗೆ ಹೋದೆವು. ಈ ಬಾರಿ ಏನನ್ನೂ ಹೇಳಲಿಲ್ಲ. ಅವರು ಚಹಾ ಕೊಟ್ಟು, ಎದುರಿಗೆ ಕುಳಿತು, ಮಗನು ಹುಟ್ಟಿದ ದಿನದಿಂದ ಮಾತನ್ನು ಆರಂಭಿಸಿದರು.