ಎಡಕ್ಕೆ ತಿರುಗಿಸಿದರೆ ಆರುವ ಹೆಡ್‌ಲೈಟ್

ಹೋದ ಮಳೆಗಾಲದಲ್ಲಿ ಸಾಗರದಿಂದ ಊರಿಗೆ ಮರಳುವಾಗ ನನ್ನ ಬೈಕಿನ ಹೆಡ್‌ಲೈಟ್ ತಿರುವುಗಳಲ್ಲಿ ಆರತೊಡಗಿತು. ಅದೂ ಎಡ ತಿರುವಿನಲ್ಲಿ ಮಾತ್ರ. ಹ್ಯಾಂಡಲ್ ನೇರ ಮಾಡಿದರೆ ಮತ್ತೆ ಉರಿಯುತ್ತಿತ್ತು. ಕಾಡಿನ ದಾರಿ, ಜಡಿಮಳೆ, ಎದುರಿಗೆ ಕತ್ತಲು. ಮರುದಿನ ಗ್ಯಾರೇಜಿನಲ್ಲಿ ತೋರಿಸಿದೆ. "ವೈರಿಂಗ್ ಕಿಟ್ಟೇ ಹೋಗಿದೆ, ಪೂರ್ತಿ ಬದಲಿಸಬೇಕು" ಅಂದರು. ನಾನು ಬದಲಿಸಲಿಲ್ಲ. ಕೊನೆಗೆ ಆ ದೀಪ ಸರಿಹೋದದ್ದು ಒಂದು ಗೇಣು ವೈರಿನಿಂದ.

ಬೈಕಿನ ಹೆಡ್‌ಲೈಟ್ ಡೂಮ್ ಬಿಚ್ಚಿದರೆ ಬಣ್ಣಬಣ್ಣದ ವೈರುಗಳ ಗೊಂಚಲು ಕಂಡು ಯಾರಿಗಾದರೂ ಎದೆ ಜಗ್ಗುತ್ತದೆ. ಆದರೆ ಒಂದೊಂದು ದೀಪದ ದಾರಿಯನ್ನು ಬೇರೆಬೇರೆಯಾಗಿ ನೋಡಿದರೆ ಲೆಕ್ಕ ಸರಳ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಫ್ಯೂಸ್, ಕೀ ಸ್ವಿಚ್ಚು, ಹ್ಯಾಂಡಲ್ ಸ್ವಿಚ್ಚು ದಾಟಿ ಬಲ್ಬಿಗೆ ಬರುತ್ತದೆ. ಅಲ್ಲಿಂದ ಅರ್ಥಿಂಗ್ ವೈರು, ಚಾಸಿಸ್ ಮೂಲಕ ಬ್ಯಾಟರಿಯ ಮೈನಸ್‌ಗೆ ಹಿಂದಿರುಗುತ್ತದೆ. ಹೋಗುವ ದಾರಿಯಷ್ಟೇ ಬರುವ ದಾರಿಯೂ ಮುಖ್ಯ. ನಾವು ಮರೆಯುವುದು ಬರುವ ದಾರಿಯನ್ನೇ.

ಚಾಸಿಸ್‌ಗೆ ಕಟ್ಟಿಕೊಂಡು ಅಲುಗದೆ ಕೂತ ವೈರು ನಡುವೆ ತಾನಾಗಿ ಕೆಡುವುದು ಅಪರೂಪ. ಇಲಿ ಕಡಿಯಬೇಕು, ಇಲ್ಲವೇ ಸೈಲೆನ್ಸರ್ ಪೈಪಿಗೆ ತಾಗಿ ಕರಗಬೇಕು. ಹೆಚ್ಚಿನ ದೋಷ ಇರುವುದು ಎರಡೇ ಕಡೆ: ಒಂದು, ಜೋಡಿಸಿದ ಜಾಗ, ಅಂದರೆ ಕಪ್ಲರ್, ಅರ್ಥಿಂಗ್ ಬೋಲ್ಟ್, ಸ್ವಿಚ್ಚು, ಬಲ್ಬ್ ಹೋಲ್ಡರ್. ಇನ್ನೊಂದು, ಸದಾ ಮಡಚುತ್ತಿರುವ ಜಾಗ, ಅಂದರೆ ಹ್ಯಾಂಡಲ್ಲಿನ ಕುತ್ತಿಗೆ. ಆದ್ದರಿಂದ ಕಟಿಂಗ್ ಪ್ಲೈಯರ್ ಕೈಗೆತ್ತಿಕೊಳ್ಳುವ ಮೊದಲು ಮೀಟರ್ ಎತ್ತಿಕೊಳ್ಳಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್, ಎರಡು ವೈರು ಬೆಸೆದ ಹಳೆಯ 12 ವೋಲ್ಟ್ ಇಂಡಿಕೇಟರ್ ಬಲ್ಬು, ನಯವಾದ ಉಪ್ಪುಕಾಗದ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಬೆಂಗಳೂರಿನವರಿಗೆ ಮೀಟರ್, ಸ್ಲೀವುಗಳಿಗೆ ಎಸ್.ಪಿ. ರಸ್ತೆ, ಕಪ್ಲರ್, ವೈರುಗಳಿಗೆ ಜೆ.ಸಿ. ರಸ್ತೆ ಇದೆ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಇದರ ತಿರುಗುಮುರುಗು. ಪ್ಲಸ್ ಬಿಚ್ಚುತ್ತಿರುವ ಸ್ಪ್ಯಾನರ್ ಚಾಸಿಸ್‌ಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ.

ದೋಷ ಯಾವುದೇ ಇರಲಿ, ಮೊದಲು ಬ್ಯಾಟರಿ ನೋಡಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ರಾತ್ರಿಯಿಡೀ ನಿಂತ ಬೈಕಿನಲ್ಲಿ 12.6 ಅಥವಾ ಮೇಲೆ ಇದ್ದರೆ ಚಾರ್ಜ್ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದ ಪರೀಕ್ಷೆ ಆಮೇಲೆ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ಎಂಜಿನ್ ಚಾಲೂ ಮಾಡಿ ರೇಸ್ ಕೊಟ್ಟಾಗ 13.8ರಿಂದ 14.5ರ ಒಳಗೆ ಬರಬೇಕು. ಏರದೇ ಇದ್ದರೆ ಮ್ಯಾಗ್ನೆಟ್ ಕಾಯಿಲ್, ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಅಥವಾ ಅವುಗಳ ಕಪ್ಲರ್ ಮೇಲೆ ಅನುಮಾನಪಡಿ. 15 ದಾಟಿದರೆ ಆರ್‌ಆರ್ ಯೂನಿಟ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಹಾಗೇ ಓಡಿಸಿದರೆ ಬಲ್ಬೂ ಬ್ಯಾಟರಿಯೂ ಸುಡುತ್ತವೆ.

ಒಂದು ಎಚ್ಚರ. ಹಳೆಯ ಅನೇಕ 100 ಸಿಸಿ ಬೈಕುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಸಂಬಂಧವಿಲ್ಲ. ಮ್ಯಾಗ್ನೆಟ್ ಕಾಯಿಲಿನ ಎಸಿ ಕರೆಂಟು ನೇರ ಅಲ್ಲಿಗೆ ಹೋಗುತ್ತದೆ. ಎಂಜಿನ್ ಓಡದೆ ದೀಪ ಉರಿಯದು, ರೇಸ್ ಕೊಟ್ಟಷ್ಟೂ ಬೆಳಕು ಏರುತ್ತದೆ. ಅಂಥ ಬೈಕಿನಲ್ಲಿ ಮೀಟರನ್ನು ಎಸಿಗೆ ತಿರುಗಿಸಿ ಅಳೆಯಬೇಕು. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಓಡುತ್ತಿದ್ದಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ. ಸ್ವಿಚ್ಚು ಹುಡುಕುತ್ತಾ ಕೂರಬೇಡಿ.

ಇನ್ನು ಅಸಲು ವಿಷಯ. ಮೀಟರಿನಲ್ಲಿ 'ಬೀಪ್' ಬಂತು, ಆದ್ದರಿಂದ ವೈರು ಸರಿಯಿದೆ ಎಂದು ಬಹಳ ಜನ ನಂಬುತ್ತಾರೆ. ಬೀಪ್ ಪರೀಕ್ಷೆಯಲ್ಲಿ ಮೀಟರ್ ಕಳಿಸುವುದು ತೀರಾ ಸಣ್ಣ ಕರೆಂಟು. ಹದಿನಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಹಾದುಹೋಗುತ್ತದೆ, ಮೀಟರ್ ಕೂಗುತ್ತದೆ. 35 ವಾಟ್ ಬಲ್ಬಿಗೆ ಸುಮಾರು 3 ಆಂಪ್ ಬೇಕು. ಕಿಲುಬು ಹಿಡಿದ ಜೋಡಣೆಯಲ್ಲಿ ಒಂದೇ ಒಂದು ಓಮ್ ತಡೆ ಇದ್ದರೂ ಬಲ್ಬಿಗೆ 10 ವೋಲ್ಟ್ ಕೂಡ ಸಿಗದು. ದೀಪ ಹಳದಿಗೆ ತಿರುಗುತ್ತದೆ. ಹಾಗಾಗಿ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು.

ಅಳೆಯುವುದು ಹೀಗೆ. ದೀಪ ಹಾಕಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಬಲ್ಬ್ ಹೋಲ್ಡರಿನ ಅರ್ಥಿಂಗ್ ಪಿನ್ನಿಗೆ. 0.2 ವೋಲ್ಟ್ ಒಳಗಿದ್ದರೆ ಬರುವ ದಾರಿ ಚೊಕ್ಕಟ. 1, 2 ವೋಲ್ಟ್ ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಬೋಲ್ಟ್ ಬಿಚ್ಚಿ, ಬಣ್ಣ, ತುಕ್ಕು ತಿಕ್ಕಿ ತೆಗೆದು, ಗಟ್ಟಿಯಾಗಿ ಕಟ್ಟಿ. ಬಳಿಕ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿ ಬಲ್ಬಿನ ಪ್ಲಸ್ ಪಿನ್ನಿಗೆ. ಇಲ್ಲಿ ಅರ್ಧ ವೋಲ್ಟಿನವರೆಗೆ ಪರವಾಗಿಲ್ಲ. ಹೆಚ್ಚಿದ್ದರೆ ಕಪ್ಪು ಕಡ್ಡಿಯನ್ನು ಒಂದೊಂದೇ ಕಪ್ಲರ್ ಹಿಂದಕ್ಕೆ ಸರಿಸುತ್ತಾ ಬನ್ನಿ. ಅಂಕಿ ಎಲ್ಲಿ ದಿಢೀರನೆ ಇಳಿಯುತ್ತದೋ, ಆ ಜಾಗಕ್ಕೂ ಅದರ ಮುಂದಿನ ಜಾಗಕ್ಕೂ ನಡುವೆ ದೋಷ ಇದೆ.

ನನ್ನ ಬೈಕಿನಲ್ಲಿ ಹ್ಯಾಂಡಲ್ ನೇರ ಇದ್ದಾಗ 0.4 ಇತ್ತು. ಎಡಕ್ಕೆ ತಿರುಗಿಸಿದೊಡನೆ ದೀಪ ಆರಿ 12.3ಕ್ಕೆ ಹಾರಿತು. ಟ್ಯಾಂಕಿನ ಕೆಳಗಿನ ಕಪ್ಲರಿನಲ್ಲಿ ಹಿಡಿದು ನೋಡಿದರೆ ಹ್ಯಾಂಡಲ್ ಎತ್ತ ತಿರುಗಿದರೂ 0.2 ದಾಟಲಿಲ್ಲ. ಅಲ್ಲಿಗೆ ದೋಷ ಕುತ್ತಿಗೆಯಲ್ಲೇ ಎಂದು ಖಚಿತವಾಯಿತು. ಟೇಪು ಬಿಡಿಸಿದೆ. ಹೊರಗಿನ ಪ್ಲಾಸ್ಟಿಕ್ ಎಲ್ಲೂ ಹರಿದಿರಲಿಲ್ಲ. ಒಂದೊಂದೇ ವೈರನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲನೆ ಎಳೆದೆ. ಐದು ವೈರು ಬಿಗಿಯಾಗಿ ನಿಂತವು, ಆರನೆಯದು ರಬ್ಬರಿನಂತೆ ಹಿಗ್ಗಿತು. ಒಳಗಿನ ತಾಮ್ರ ತುಂಡಾದ ವೈರು ಹಾಗೇ ಹಿಗ್ಗುತ್ತದೆ. ಸಿಪ್ಪೆ ಸುಲಿದಾಗ ಎಳೆಗಳೆಲ್ಲ ತುಂಡಾಗಿ, ತುದಿಗಳು ಕಪ್ಪಗಾಗಿದ್ದವು. ಹಿಂದೆ ಯಾವಾಗಲೋ ಹೆಚ್ಚುವರಿ ಲೈಟು ಹಾಕಿಸಿದಾಗ ಅಲ್ಲೇ ಕೇಬಲ್ ಟೈ ಬಿಗಿದಿದ್ದರು. ಹತ್ತು ಸಾವಿರ ಸಲ ಒಂದೇ ಬಿಂದುವಿನಲ್ಲಿ ಮಡಚಿದ ತಾಮ್ರ ಉಳಿಯುವುದಾದರೂ ಹೇಗೆ?

ಜೋಡಿಸುವಾಗ ಅಷ್ಟೇ ದಪ್ಪದ, ಹಲವು ಎಳೆಗಳ ಆಟೋ ವೈರು ತಂದೆ. ಮನೆಯ ವೈರಿಂಗಿನ ಒಂಟಿ ಕಂಬಿ ಬೈಕಿನ ಅದುರಾಟಕ್ಕೆ ಮುರಿಯುತ್ತದೆ. ಜೋಡಣೆಗಳನ್ನು ಮಡಚುವ ಜಾಗದಿಂದ ದೂರ ಇಟ್ಟು, ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬೆಸುಗೆ ಹಾಕಿದರೆ ವೈರು ಅಲ್ಲಿ ಕಡ್ಡಿಯಂತೆ ಗಡುಸಾಗಿ ಅದರ ಪಕ್ಕದಲ್ಲೇ ತುಂಡಾಗುವ ಭಯವಿದೆ. ಬರೀ ಟೇಪು ಸುತ್ತಿದರೆ ಎಂಜಿನ್ ಶಾಖಕ್ಕೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಉರಿಯುವುದನ್ನು ಕಂಡಿದ್ದೀರಾ? ದೆವ್ವದ ಆಟವಲ್ಲ. ಹಿಂಬದಿಯ ದೀಪಗಳ ಅರ್ಥಿಂಗ್ ಕಡಿದಾಗ ಬ್ರೇಕ್ ಬಲ್ಬಿನ ಕರೆಂಟು ಹಿಂದಿರುಗಲು ದಾರಿ ಹುಡುಕುತ್ತದೆ. ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಹಿಮ್ಮುಖವಾಗಿ ನುಗ್ಗಿ, ಮುಂದಿನ ಇಂಡಿಕೇಟರಿನ ಅರ್ಥಿಂಗ್ ಮೂಲಕ ಮನೆ ಸೇರುತ್ತದೆ. ಬಲ್ಬು ಬದಲಿಸಿ ಪ್ರಯೋಜನವಿಲ್ಲ. ಹಿಂಬದಿಯ ಅರ್ಥಿಂಗ್ ವೈರು ಹುಡುಕಿ. ಹೋಂಡಾದಲ್ಲಿ ಅದು ಹಸಿರು, ಯಮಹಾದಲ್ಲಿ ಕಪ್ಪು. ನಿಮ್ಮ ಬೈಕಿನ ಬಣ್ಣಗಳಿಗೆ ಅದರದೇ ವೈರಿಂಗ್ ನಕ್ಷೆ ನೋಡಿಕೊಳ್ಳಿ.

ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ಫ್ಯೂಸ್ ಸುರಿಯುವುದು ದಂಡ. ಅದರ ಜಾಗದಲ್ಲಿ ಆ ಹಳೆಯ ಇಂಡಿಕೇಟರ್ ಬಲ್ಬು ಸಿಕ್ಕಿಸಿ. ಶಾರ್ಟ್ ಇದ್ದರೆ ಅದು ಝಗ್ಗನೆ ಉರಿಯುತ್ತದೆ, ವೈರು ಸುಡದು. ಒಂದೊಂದೇ ಕಪ್ಲರ್ ಬಿಡಿಸುತ್ತಾ, ಹ್ಯಾಂಡಲ್ ತಿರುಗಿಸುತ್ತಾ ಬನ್ನಿ. ಯಾವುದನ್ನು ಬಿಡಿಸಿದಾಗ ಬಲ್ಬು ಆರಿತೋ, ಆ ಕವಲಿನಲ್ಲೇ ಶಾರ್ಟ್.

ಇಂಜೆಕ್ಷನ್ ಬೈಕುಗಳಲ್ಲಿ ಇಸಿಯು, ಎಬಿಎಸ್ ವೈರುಗಳಿಗೆ ಮಾತ್ರ ಈ ಬಲ್ಬನ್ನು ತಾಗಿಸಬೇಡಿ. ಅದು ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟೇ ಹೋಗಬಹುದು. ಆ ಕೆಲಸ ಸ್ಕ್ಯಾನರ್ ಇರುವವರಿಗೆ ಬಿಡಿ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಶರ್ ಪೈಪನ್ನು ಡೂಮಿನ ಒಳಗೆ, ಸೀಟಿನ ಅಡಿಗೆ ಹಿಡಿಯಬೇಡಿ ಎಂದು ಹೇಳಿ. ಕಿಲುಬು ಹುಟ್ಟುವುದೇ ಆ ನೀರಿನಿಂದ.

ಈ ಭಾನುವಾರ ಸೀಟು ಎತ್ತಿ ಫ್ಯೂಸ್ ಡಬ್ಬಿ ತೆರೆದು ನೋಡಿ. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಯೋ ಸಿಗರೇಟು ಪ್ಯಾಕಿನ ಬೇಗಡೆಯೋ ಕಂಡರೆ ಅಂದೇ ಕಿತ್ತು ಬಿಸಾಕಿ, ಡಬ್ಬಿಯ ಮೇಲೆ ಬರೆದಿರುವ ಆಂಪಿನ ಫ್ಯೂಸನ್ನೇ ಹಾಕಿ. ಬಿಡಿ ಫ್ಯೂಸ್ ಒಂದು ಡಬ್ಬಿಯಲ್ಲಿ ಸದಾ ಇರಲಿ.